ಬೆಳಕಿನ ನಂತರದ ಸ್ನಾನ

ಬೋರಲು ಮಲಗಿದವನಿಗೆ ಸುಳ್ಳು ಹೇಳುವುದು ಸುಲಭ ಎಂದು ವೆಂಕಟಕೃಷ್ಣನಿಗೆ ಗೊತ್ತಾದದ್ದು ಈ ಮಂಚದ ಮೇಲೆಯೇ. ಮುಖವನ್ನು ಮಂಚದ ತೂತಿನೊಳಗಿಟ್ಟು, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಮಲಗಿದರೆ ಬಾಯಿಂದ ಹೊರಟ ಮಾತು ನೇರ ನೆಲಕ್ಕೆ ಬೀಳುತ್ತಿತ್ತು. ಕೇಳಿದವರ ಮುಖ ನೋಡುವ ಕಷ್ಟವಿರಲಿಲ್ಲ. "ಮನೇಲಿ ಹೊಸದಾಗಿ ಏನಾದ್ರೂ ಮಾಡಿದ್ರಾ ಭಟ್ರೇ?" ಎಂದು ತೇಜಸ್ವಿನಿ ಈಗಷ್ಟೇ ಕೇಳಿದ್ದಳು. "ಇಲ್ಲ" ಎಂದಿದ್ದ. ಆ ಇಲ್ಲ ಇನ್ನೂ ಮಂಚದ ಕೆಳಗೆಲ್ಲೋ ಬಿದ್ದುಕೊಂಡಿರುವಂತೆ ಅನ್ನಿಸಿತು. ಬೆನ್ನ ಮೇಲೆ ಮೊಳದೆತ್ತರದಲ್ಲಿ ಹಲಗೆಯಷ್ಟಗಲದ ಕೆಂಪು ದೀಪ ಸಣ್ಣಗೆ ಗುಂಯ್‌ಗುಡುತ್ತಿತ್ತು. ಮೊದಲ ಸಲ ಬಂದಾಗ ಅದು ಸುಡುತ್ತದೆಂದು ಹಲ್ಲು ಕಚ್ಚಿಕೊಂಡು ಮಲಗಿದ್ದ. ಸುಡಲಿಲ್ಲ. ಬಿಸಿ ಎಂದೂ ಹೇಳಲಾಗದಂಥದ್ದು, ಚಳಿಗಾಲದ ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂತಾಗ ಮೊದಮೊದಲು ಆಗುವಂಥದ್ದು. ಇಪ್ಪತ್ತೈದು ವರ್ಷ ಊರಿನವರೆದುರು ಬರಿಮೈಯಲ್ಲಿ ನಿಂತು ಪೂಜೆ ಮಾಡಿದವನಿಗೆ ಇಲ್ಲಿ ಅಂಗಿ ತೆಗೆಯುವಾಗ ನಾಚಿಕೆಯಾಗುತ್ತಿತ್ತು. ಅಲ್ಲಿ ಯಾರೂ ಅವನನ್ನು ನೋಡುತ್ತಿರಲಿಲ್ಲ, ಅವನನ್ನು ದಾಟಿ ಒಳಗಿದ್ದದ್ದನ್ನು ನೋಡುತ್ತಿದ್ದರು. ಇಲ್ಲಿ ನೋಡುವುದಕ್ಕೆ ಅವನೊಬ್ಬನೇ ಇದ್ದ.

ಮಡಿಕೇರಿ ಬಸ್ ನಿಲ್ದಾಣದ ಹಿಂದಿನ ಏರಿನಲ್ಲಿ, ಔಷಧದಂಗಡಿಯ ಮಹಡಿಯ ಮೇಲಿನ ಫಿಸಿಯೋಥೆರಪಿ ಕೋಣೆ ಅದು. ಎರಡು ಮಂಚ, ಒಂದು ಪರದೆ, ಗೋಡೆಗೆ ನೇತುಹಾಕಿದ ಬಣ್ಣಬಣ್ಣದ ರಬ್ಬರ್ ಪಟ್ಟಿಗಳು. ಊರಿನಲ್ಲಿ ಇದಕ್ಕೆ ಕರೆಂಟ್ ಕೊಡಿಸಿಕೊಳ್ಳುವುದು ಎನ್ನುತ್ತಾರೆ. ಇದು ಕರೆಂಟಲ್ಲ, ಬರೀ ಬೆಳಕು ಎಂದು ಒಂದೆರಡು ಸಲ ಹೇಳಿ ನೋಡಿದ್ದ. ಬೆಳಕಿನಿಂದ ನೋವು ಹೋಗುತ್ತದೆಯೇ ಎಂದು ಕೇಳಿದವರಿಗೆ ಏನು ಹೇಳಬೇಕೆಂದು ತಿಳಿಯದೆ ಕರೆಂಟೇ ಎಂದು ಒಪ್ಪಿಕೊಂಡಿದ್ದ. ನೋವಿಗೆ ಮೈಸೂರಿನ ಡಾಕ್ಟರು ಫೈಬ್ರೊಮಯಾಲ್ಜಿಯಾ ಎಂದು ಹೆಸರು ಕೊಟ್ಟ ದಿನ ಅವನಿಗೆ ಅಳು ಬರುವಷ್ಟು ಸಮಾಧಾನವಾಗಿತ್ತು. ಹೆಸರಿದೆ ಎಂದರೆ ನೋವೂ ಇದೆ ಎಂದಾಯಿತಲ್ಲ. ಅದಕ್ಕೆ ಮೊದಲು ರಕ್ತ, ಎಕ್ಸ್‌ರೇ, ಸ್ಕ್ಯಾನ್ ಎಲ್ಲದರಲ್ಲೂ ಅವನು ಚೊಕ್ಕವಾಗಿದ್ದ. ಆದರೆ ಕತ್ತಿನಿಂದ ಸೊಂಟದವರೆಗೆ ಮೈ ಯಾರೋ ರಾತ್ರಿಯಿಡೀ ಕುಟ್ಟಿಟ್ಟ ಹಾಗಿರುತ್ತಿತ್ತು, ಅಂಗಿಯ ಕಾಲರು ತಾಗಿದರೂ ಉರಿಯುತ್ತಿತ್ತು. ದೇವಸ್ಥಾನದ ಉಸ್ತುವಾರಿಯ ಹಿರಿಯರು, ತಕ್ಕರಾದ ನಾಣಯ್ಯನವರು ಒಮ್ಮೆ ತೀರ್ಥಕ್ಕೆ ಕೈಯೊಡ್ಡಿ ನಿಂತಲ್ಲೇ, ಹತ್ತು ಜನರ ಎದುರಿಗೆ, "ಎಂತ ಭಟ್ರೇ, ರಿಪೋರ್ಟಿನಲ್ಲಿ ಎಂತದೂ ಇಲ್ಲವಂತೆ?" ಎಂದಿದ್ದರು. ಕೆಡುಕಿನಿಂದ ಕೇಳಿದ್ದಲ್ಲ. ಒಳ್ಳೆಯ ಸುದ್ದಿಯೆಂದೇ ಕೇಳಿದ್ದರು. "ಇಲ್ಲ, ಎಂತದೂ ಇಲ್ಲ" ಎಂದು ಅವನು ನಕ್ಕು, ಉದ್ಧರಣೆಯನ್ನು ನಡುಗದಂತೆ ಹಿಡಿಯಲು ಹೋಗಿ ತೀರ್ಥವನ್ನು ಅವರ ಕೋಟಿನ ತೋಳಿಗೆ ಚೆಲ್ಲಿದ್ದ. ಹೆಸರು ಸಿಕ್ಕ ಮೇಲೆ ಅವರಿಗೆ ಅದನ್ನು ಹೇಳಿದಾಗ, ಎರಡು ಸಲ ಉಚ್ಚರಿಸಲು ನೋಡಿ, ಅಂದಿನಿಂದ ಅದನ್ನು ಭಟ್ಟರ ಇಂಗ್ಲಿಷ್ ನೋವು ಎಂದು ಕರೆಯುತ್ತಿದ್ದರು.

ತೇಜಸ್ವಿನಿ ಮೊದಲ ದಿನವೇ ಹೇಳಿದ್ದಳು: "ನೋಡಿ ಭಟ್ರೇ, ಈ ಲೈಟು ನೋವನ್ನ ಕಿತ್ತು ಎಸೆಯಲ್ಲ. ಮೈನ ಸ್ವಲ್ಪ ಸಡಿಲ ಮಾಡುತ್ತೆ. ಅಷ್ಟರಲ್ಲಿ ನಾವು ವ್ಯಾಯಾಮ ಮಾಡ್ಬೇಕು. ಇದೊಂದೇ ಆದ್ರೆ ಉಪಯೋಗ ಇಲ್ಲ, ಅದೊಂದೇ ಮಾಡೋಕೆ ನಿಮಗೆ ಆಗಲ್ಲ." ಕುಶಾಲನಗರದ ಕಡೆಯವಳು. ತಾತ ಹಾಸನದ ಕಡೆಯಿಂದ ಬಂದು ಅಲ್ಲಿ ಗದ್ದೆ ಮಾಡಿದವರಂತೆ. ಅವಳ ಮಾತಿನಲ್ಲಿ ಹಾಸನ ಇನ್ನೂ ಹಾಗೇ ಇತ್ತು. ಬೆಳಕು ಆರಿದ ಮೇಲೆ ಅವನನ್ನು ಗೋಡೆಯ ಎದುರು ನಿಲ್ಲಿಸಿ, ಮುಂಗೈಗಳನ್ನು ಗೋಡೆಗೊತ್ತಿ ಮೇಲಕ್ಕೆ ಜಾರಿಸಲು ಹೇಳುವಳು. ಕೆಲಸ ಮಾಡಬೇಕಾದದ್ದು ಬೆನ್ನ ಮೇಲಿನ ಹೆಗಲೆಲುಬು. ಅವನಿಗೋ ತನಗೆ ಅಂಥದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ. ಅವಳು ಅಲ್ಲಿ ಅಂಗೈಯಿಟ್ಟು, "ಇದನ್ನ ಕೆಳಗೆ ಬಿಡಿ, ನನ್ನ ಕೈ ಕಡೆಗೆ," ಎನ್ನುವಳು. ಎಲ್ಲಿಗೆ ಬಿಡಬೇಕೆಂದು ಮೈಗೆ ತಿಳಿಯುತ್ತಿತ್ತು. ಮುಗಿಸಿ ಹೊರಟು ಭಾಗಮಂಡಲದ ಬಸ್ಸಿನ ಕಿಟಕಿಯ ಪಕ್ಕ ಕೂತರೆ ಅದು ವಾರದಲ್ಲೇ ಅವನ ಅತ್ಯಂತ ಸುಖದ ಹೊತ್ತು. ಬೆಟ್ಟಗೇರಿ ಕಳೆದ ಮೇಲೆ ಕಣಗಳಲ್ಲಿ ಕಾಫಿ ಒಣಗಲು ಹರಡಿರುತ್ತಿತ್ತು. ಮೈಯಿದೆ ಎನ್ನುವುದೇ ಮರೆತು ಅದನ್ನೆಲ್ಲ ನೋಡುತ್ತ ಹೋಗುವನು. ಚೇರಂಬಾಣೆ ದಾಟಿ ತನ್ನೂರಿನಲ್ಲಿ ಇಳಿಯುವಾಗ ಕತ್ತಲಾಗಲು ಬಂದಿರುತ್ತಿತ್ತು. ಇಳಿದವನು ಮನೆಗೆ ಹೋಗುತ್ತಿರಲಿಲ್ಲ. ನೇರ ದೇವಸ್ಥಾನದ ಬಾವಿಗೆ ಹೋಗಿ, ಕೊಡದ ಮೇಲೆ ಕೊಡ ತಲೆಗೆ ಸುರಿದುಕೊಂಡು, ಒದ್ದೆ ಪಂಚೆಯಲ್ಲೇ ಒಳಗೆ ಹೋಗಿ ಸಂಜೆಯ ಪೂಜೆ ಮುಗಿಸುತ್ತಿದ್ದ. ಮಂಗಳಾರತಿಯ ಹೊತ್ತಿಗೆ ಹಲ್ಲುಗಳು ತಮ್ಮಷ್ಟಕ್ಕೆ ತಾವು ಕಟಕಟ ಎನ್ನುತ್ತಿದ್ದವು. ಮಾರನೆಯ ಬೆಳಿಗ್ಗೆ ಕತ್ತು ತಿರುಗುತ್ತಿರಲಿಲ್ಲ.

ಇವೆರಡನ್ನೂ ಕೂಡಿಸಿ ನೋಡಲು ಅವನಿಗೆ ಎಷ್ಟು ಕಾಲ ಬೇಕಾಯಿತು! ಅಥವಾ ಕೂಡಿಸಿ ನೋಡಬಾರದೆಂದು ತಾನೇ ಮನಸ್ಸನ್ನು ಎರಡು ಕಡೆ ಇಟ್ಟಿದ್ದನೇ? ಹೋದ ತಿಂಗಳು ಪುತ್ತೂರಿನ ದಾಯಾದಿಯ ಮನೆಯಲ್ಲಿ ಮಗು ಹುಟ್ಟಿ ಅವನಿಗೆ ಹತ್ತು ದಿನದ ಪುರುಡು ಬಂತು. ಪುರುಡೆಂದರೆ ಸೂತಕವೇ, ಸಂತೋಷದ ಸೂತಕ. ಗರ್ಭಗುಡಿಗೆ ಕಾಲಿಡುವ ಹಾಗಿಲ್ಲ. ಬದಲಿ ಭಟ್ಟರು ಬಂದರು. ದೇವರ ಕೆಲಸವಿಲ್ಲದವನಿಗೆ ಬಾವಿಯ ಕೆಲಸವೂ ಇರಲಿಲ್ಲ. ಮಡಿಕೇರಿಯಿಂದ ಬಂದು, ಹೆಂಡತಿ ಪದ್ಮಾಕ್ಷಿ ಹಂಡೆಯಲ್ಲಿ ಕಾಯಿಸಿಟ್ಟ ನೀರನ್ನು ಮೈಗೆ ಹೊಯ್ದುಕೊಂಡು, ಉಣ್ಣೆಯ ಬನಿಯನು ಹಾಕಿ, ಅಡಿಗೆಮನೆಯಲ್ಲಿ ಒಲೆಯ ಪಕ್ಕ ಕೂತು ಅವಳ ಜೊತೆ ಹರಟೆ ಹೊಡೆದ. ತೇಜಸ್ವಿನಿ ಹೇಳಿಕೊಟ್ಟದ್ದನ್ನು ಅಡಿಗೆಮನೆಯ ಗೋಡೆಗೇ ಮಾಡಿದ. ಕತ್ತು ತಿರುಗಿತು. ಒಂದು ಮಧ್ಯಾಹ್ನ ಮಲಗಿ ಎದ್ದಾಗ ನಿದ್ದೆ ಬಂದಿತ್ತೆಂದು ಗೊತ್ತಾಗಿ ಬೆರಗಾದ. ಗುಡಿಯ ಗಂಟೆಯ ಸದ್ದು ಕೇಳಿದಾಗ, ಬಾರಿಸುತ್ತಿರುವವನು ಬೇರೆ, ತಾನು ಇಲ್ಲಿ ಬೆಚ್ಚಗೆ ಕೂತಿದ್ದೇನೆ ಎನ್ನುವುದು ಒಂದು ಸುಖವಾಗಿ ಮೈಯೆಲ್ಲ ಹರಡಿತು. ಆ ಸುಖ ಅವನಿಗೆ ಹೆದರಿಕೆ ಹುಟ್ಟಿಸಿತು. ಪುರುಡು ಕಳೆದ ದಿನ, ಶಿಕ್ಷೆ ಬೇಡಿಕೊಂಡು ಹೋಗುವವನ ಹಾಗೆ ಬೆಳಗಾಗುವ ಮೊದಲೇ ಬಾವಿಕಟ್ಟೆಗೆ ಹೋಗಿದ್ದ. ಈಗ ಮತ್ತೆ ಮೈ ಮರದ ಹಾಗಾಗಿತ್ತು.

"ನಾನೊಂದು ಮಾತು ಹೇಳ್ಲಾ ಭಟ್ರೇ?" ತೇಜಸ್ವಿನಿಯ ಬೆರಳುಗಳು ಅವನ ಹೆಗಲ ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದವು. "ಹೋದ ತಿಂಗಳು ನೀವು ಎಷ್ಟು ಚೆನ್ನಾಗಿದ್ರಿ. ನಾನು ಆಸೆಗೆ ಬಿದ್ದು ರಬ್ಬರ್ ಪಟ್ಟಿ ಜಾಸ್ತಿ ಬಿಗಿ ಮಾಡ್ಸಿದೆ. ನನ್ನದೇ ತಪ್ಪು. ಒಂದ್ಸಲ ಇಳಿಯುತ್ತೆ, ಒಂದ್ಸಲ ಏರುತ್ತೆ, ಯಾಕೆ ಅಂತ ನಂಗೆ ಹಿಡೀತಾನೇ ಇಲ್ಲ. ನಮ್ ಕಾಲೇಜಿನ ಮೇಡಂಗೆ ಫೋನ್ ಮಾಡಿ ಬೈಸ್ಕೊಂಡೂ ಆಯ್ತು. ಈ ವಾರ ನೋಡಣ. ಇಲ್ಲಾಂದ್ರೆ ನಿಲ್ಲಿಸಿಬಿಡಣ. ನಿಮ್ಮನ್ನ ಸುಮ್ನೆ ಬಸ್ಸಲ್ಲಿ ಓಡಾಡ್ಸೋದು ನಂಗೆ ಸರಿ ಕಾಣ್ತಿಲ್ಲ."

ನಿಲ್ಲಿಸುವುದು. ಅವನ ಕಿವಿಯಲ್ಲಿ ಉಳಿದದ್ದು ಅದೊಂದೇ ಮಾತು. ಇಡೀ ಊರಿನಲ್ಲಿ, ಮೈಸೂರಿನಲ್ಲಿ, ಅವನ ನೋವನ್ನು ಬೆರಳಿಂದ ಮುಟ್ಟಿ, ಹೌದು ಇಲ್ಲಿದೆ, ಇಲ್ಲೂ ಇದೆ ಎಂದು ಹೇಳಿದವಳು ಇವಳೊಬ್ಬಳೇ. ಇವಳು ಕೈ ಬಿಟ್ಟರೆ ಮತ್ತೆ ರಿಪೋರ್ಟಿನಲ್ಲಿ ಏನೂ ಇಲ್ಲದ ಮನುಷ್ಯನಾಗುತ್ತೇನೆ. ಅದಕ್ಕಿಂತ ಚುಚ್ಚಿದ್ದು, ತಪ್ಪು ಇವಳದೆಂದು ಇವಳೇ ಒಪ್ಪಿಕೊಳ್ಳುತ್ತಿರುವುದು, ತಾನು ಅದನ್ನು ಕೇಳುತ್ತ ಮಲಗಿರುವುದು. ಹೇಳಿದರೆ? ಮುಟ್ಟಿದ್ದಕ್ಕೆ ಹೋಗಿ ತೊಳೆದುಕೊಳ್ಳುತ್ತೇನೆ ಎಂದು, ಮುಟ್ಟಿ ಗುಣಪಡಿಸುತ್ತಿರುವವಳಿಗೆ ಯಾವ ಬಾಯಲ್ಲಿ ಹೇಳುವುದು? ಕಣ್ಣಪಟ್ಟಿಯ ಕತ್ತಲಲ್ಲಿ ಎಲ್ಲೋ ಒಂದು ಕಡೆಯಿಂದ ಕೆಂಪು ನುಸುಳುತ್ತಿತ್ತು.

"ಮೇಡಂ," ಎಂದ. "ನಾನು ಹೋಗಿ ಸ್ನಾನ ಮಾಡ್ತೇನೆ."

"ಮಾಡಿ, ಅದಕ್ಕೇನಂತೆ?"

"ಬಾವಿಯಲ್ಲಿ. ತಣ್ಣೀರು. ಬಸ್ಸಿಳಿದ ಕೂಡಲೇ. ಆಮೇಲೆ ಪೂಜೆ ಮುಗಿಯುವವರೆಗೆ ಒದ್ದೆ ಬಟ್ಟೆಯಲ್ಲೇ ಇರ್ತೇನೆ."

"ಈ ಚಳೀಲಾ?" ಬೆರಳುಗಳು ನಿಂತವು. "ದಿನಾ ಸಂಜೆನೂ?"

"ಬೆಳಿಗ್ಗೆ ಹೇಗೂ ಉಂಟು. ಸಂಜೆ, ಇಲ್ಲಿಗೆ ಬಂದ ದಿನ ಮಾತ್ರ. ಬೇರೆ ದಿನ ಕೈಕಾಲು ತೊಳೆದರೆ ಸಾಕು."

ಹೇಳಿ ಮುಗಿದ ಮೇಲೆ ಗೊತ್ತಾಯಿತು, ಯಾವುದನ್ನು ಮುಚ್ಚಿಡಬೇಕೆಂದಿದ್ದನೋ ಅದನ್ನೇ ಹೇಳಿಬಿಟ್ಟಿದ್ದ. ದೀಪ ಗುಂಯ್‌ಗುಡುತ್ತಲೇ ಇತ್ತು.

"ಬಸ್ಸಲ್ಲಿ ಯಾರ್ಯಾರೋ ತಗುಲಿರ್ತಾರೆ ಅಂತಾನಾ?" ಎಂದಳು. ದಾಟಿಕೊಳ್ಳಲು ಒಂದು ಹಲಗೆ ಹಾಕಿಕೊಟ್ಟ ಹಾಗಿತ್ತು.

"ಬಸ್ಸೂ ಹೌದು."

"ನಾನೂ ಹೌದು," ಎಂದಳು ಅವಳು.

ಕೈಗಳು ಬೆನ್ನಿನಿಂದ ಎದ್ದವು. ಅವು ಇದ್ದ ಜಾಗ ತಣ್ಣಗಾಯಿತು. ಚಪ್ಪಲಿಯ ಸದ್ದು ಮೂಲೆಯ ಬೇಸಿನ್ ಕಡೆಗೆ ಹೋಯಿತು, ನಲ್ಲಿ ತಿರುಗಿತು, ನೀರು ಬಹಳ ಹೊತ್ತು ಬಿತ್ತು. "ಮೂರು ವಾರದಿಂದ ನಾನ್ ತಲೆ ಕೆಡಿಸ್ಕೊಂಡಿದೀನಿ ಇಲ್ಲಿ," ಎಂದಳು ನೀರಿನ ಸದ್ದಿನ ಮೇಲೆ. ಕೋಪವಿತ್ತು, ಕೋಪದ ಒಳಗೆ ಬಿಡುಗಡೆಯೂ ಇದ್ದಂತಿತ್ತು, ತನ್ನ ವಿದ್ಯೆ ಸುಳ್ಳಲ್ಲವೆಂದು ಗೊತ್ತಾದವರ ಬಿಡುಗಡೆ. ನಲ್ಲಿ ನಿಂತಿತು. "ಹೋಗ್ಲಿ ಬಿಡಿ. ನಾನೂ ನಿಮ್ಮನ್ನ ಮುಟ್ಟಿದ ಮೇಲೆ ಕೈ ತೊಳೀತೀನಲ್ಲ. ಲೆಕ್ಕ ಸಮ ಆಯ್ತು."

ಅವಳು ನಗುತ್ತಿದ್ದಾಳೋ ಇಲ್ಲವೋ ಕಾಣುತ್ತಿರಲಿಲ್ಲ. ಸಮವಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳು ತೊಳೆಯುತ್ತಿದ್ದದ್ದು ಮುಂದೆ ಮುಟ್ಟಬೇಕಾದವರಿಗಾಗಿ. ತಾನು ತೊಳೆಯುತ್ತಿದ್ದದ್ದು ಮುಟ್ಟಿದವರನ್ನು. ಆದರೂ ಅವಳು ಕೊಟ್ಟದ್ದನ್ನು ಬೇಡವೆನ್ನುವ ಧೈರ್ಯವಾಗದೆ ಸುಮ್ಮನೆ ತಗೊಂಡ. "ಸ್ನಾನ ಬೇಡ ಅಂತ ನಾನ್ಯಾಕೆ ಹೇಳ್ಲಿ, ಅದು ನಿಮ್ಮಿಷ್ಟ," ಎಂದಳು. "ಬಿಸಿ ನೀರಲ್ಲಿ ಮಾಡಿ, ಒಣಗಿದ್ದು ಉಟ್ಕೊಳಿ. ದೇವ್ರಿಗೆ ಬಿಸಿ ನೀರಾದ್ರೆ ಆಗಲ್ವಾ?" "ನಮ್ಮ ತಂದೆಯವರು ಸಾಯುವವರೆಗೂ ಬಾವಿಯಲ್ಲೇ..." ಎಂದು ಅವನು ಶುರುಮಾಡಿದ. "ನಿಮ್ ತಂದೆಯವರಿಗೆ ಈ ನೋವಿತ್ತಾ?" ಎಂದು ಅವಳು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಅಪ್ಪನ ಬಗ್ಗೆ ಯಾರೂ ಯಾವತ್ತೂ ಅವನನ್ನು ಕೇಳದೆ ಇದ್ದ ಪ್ರಶ್ನೆ ಅದು. ಅವನೂ ಅಪ್ಪನನ್ನು ಕೇಳಿರಲಿಲ್ಲ. ವ್ಯಾಯಾಮದ ಹೊತ್ತಿಗೆ ತೇಜಸ್ವಿನಿ ಎರಡು ಮಾರು ದೂರ ನಿಂತು, ಬಾಯಲ್ಲೇ ಎಲ್ಲ ಹೇಳಿದಳು. ಅವನು ಮುಂಗೈಗಳನ್ನು ಗೋಡೆಯ ಮೇಲೆ ಜಾರಿಸಿದ. ಹೆಗಲು ಕಿವಿಯವರೆಗೆ ಏರಿತು. "ಕೆಳಗೆ, ಕೆಳಗೆ," ಎಂದಳು. ಎಲ್ಲಿಗೆ ಎಂದು ಮೈಗೆ ತಿಳಿಯಲಿಲ್ಲ.

ಬಸ್ಸಿಳಿದಾಗ ಅಭ್ಯಾಸದ ಕಾಲುಗಳು ಬಾವಿಯ ಕಡೆ ನಾಲ್ಕು ಹೆಜ್ಜೆ ಹೋಗಿದ್ದವು. ಅಲ್ಲೇ ನಿಂತ. ಕೆಲಸ ಬಿಟ್ಟು ಬರುತ್ತಿದ್ದ ಕೊಯ್ಲಿನ ಹೆಂಗಸರು ಅವನನ್ನು ಸುತ್ತಿಕೊಂಡು ದಾಟಿಹೋದರು. ಹಿಂದಕ್ಕೆ ತಿರುಗಿ ಮನೆಯ ಅಂಗಳದಲ್ಲಿ ನಿಂತು, ಒಳಗೆ ಹೋಗದೆ, ಹಿಂಬದಿಯಿಂದ ಬಚ್ಚಲಿನ ಕಡೆ ಬಂದು, "ಹಂಡೆಗೆ ಬೆಂಕಿ ಉಂಟಾ?" ಎಂದು ಕೂಗಿದ. ಪದ್ಮಾಕ್ಷಿ ಅಕ್ಕಿ ಆರಿಸುತ್ತಿದ್ದ ಗೆರಸೆಯ ಸಮೇತ ಬಾಗಿಲಿಗೆ ಬಂದಳು.

"ಯಾರಿಗೆ ನೀರು?"

"ನನಗೆ."

"ಯಾಕೆ, ಬಾವಿ ಬತ್ತಿತಾ?"

ಅವಳು ಗೆರಸೆ ಕೆಳಗಿಟ್ಟು ಒಲೆಗೆ ಎರಡು ಸೌದೆ ನೂಕಿದಳು. ಹೇಳಿದ್ದೆನಲ್ಲ ಎನ್ನಲಿಲ್ಲ. ಎಷ್ಟು ಸಲ ಹೇಳಿದ್ದಳೋ, ಈಗ ಹೇಳದೆ ಇದ್ದದ್ದೇ ಅವನಿಗೆ ಭಾರವಾಯಿತು. ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಕೂತ ಅವಳ ಬೆನ್ನನ್ನು ನೋಡುತ್ತ, "ಅಪ್ಪನಿಗೆ ಮೈಕೈ ನೋವು ಇತ್ತಾ ಪದ್ದು?" ಎಂದು ಕೇಳಿದ.

ಅವಳು ಊದುಕೊಳವೆಯಿಂದ ಒಮ್ಮೆ ಊದಿದಳು. "ಮಾವನವರು ಕೊನೆಯ ಎರಡು ವರ್ಷ ಬಾವಿಗೆ ಹೋಗುವಾಗ ಕೈಯಲ್ಲಿ ಕೊಡ ಹಿಡ್ಕೊಂಡು ಹೋಗ್ತಿದ್ದರಲ್ಲ, ನೆನಪುಂಟಾ?"

"ಉಂಟು. ನೀರು ತರಲಿಕ್ಕೆ."

"ಎಂತ ನೀರು ತರುವುದು! ಬಾವಿಗೆ ಹೋಗುವಾಗ ಕೊಡ ತುಂಬಿರ್ತಿತ್ತು. ಇದೇ ಹಂಡೆಯದ್ದು. ನಾನೇ ತುಂಬಿಸಿ, ಮೇಲೆ ಬಾಳೆಲೆ ಮುಚ್ಚಿ ಕೊಡ್ತಿದ್ದೆ, ಹಬೆ ಕಾಣಬಾರದು ಅಂತ."

ವೆಂಕಟಕೃಷ್ಣ ಬಚ್ಚಲಿನ ಕಟ್ಟೆಯ ಮೇಲೆ ಕೂತುಬಿಟ್ಟ. ಅಪ್ಪ ಬಾವಿಕಟ್ಟೆಯ ಮೇಲೆ ನಿಂತು, ಸೂರ್ಯನಿಗೆ ಮುಖ ಮಾಡಿ, ಮಂತ್ರ ಹೇಳುತ್ತ ನೀರು ಸುರಿದುಕೊಳ್ಳುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಆ ವಯಸ್ಸಿನಲ್ಲಿ, ಆ ಚಳಿಯಲ್ಲಿ, ಒಂದಿಷ್ಟೂ ನಡುಗದ ಆ ಮೈಯನ್ನು ದೂರದಿಂದ ನೋಡಿ, ತಾನೆಂದೂ ಹೀಗಾಗಲಾರೆ ಎಂದು ಎಷ್ಟು ಸಲ ಕುಗ್ಗಿದ್ದ! "ನನಗೆ ಯಾಕೆ ಹೇಳಲಿಲ್ಲ ನೀನು?" "ಮಗನಿಗೆ ಹೇಳಬೇಡ ಅಂದಿದ್ರು. ನೀವೂ ಕೇಳಲಿಲ್ಲ." ಅವಳ ದನಿಯಲ್ಲಿ ಚುಚ್ಚುವಂಥದ್ದೇನೂ ಇರಲಿಲ್ಲ. ಅವನಿಗೆ ಮೊದಲು ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗುವ ಮೊದಲೇ ಅದು ನಗುವಾಗಿ ಹೊರಗೆ ಬಂತು. ಬಾಳೆಲೆ ಮುಚ್ಚಿದ ಕೊಡ ಹಿಡಿದು, ಯಾರಾದರೂ ನೋಡಿಯಾರೆಂದು ಬೇಗಬೇಗ ಹೋಗುವ ಮುದುಕ. ಅಪ್ಪನನ್ನು ಅವನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಪದ್ಮಾಕ್ಷಿಯೂ ನಕ್ಕಳು. "ನಿಮಗೆ ಬಾಳೆಲೆ ಬೇಕಾ?" ಎಂದಳು. ಬೇಡವೆಂದ.

ರೇಷ್ಮೆಯ ಪಟ್ಟೆಮಡಿ ಉಟ್ಟು, ಒಣಗಿದ ಮೈಯಲ್ಲಿ ಗುಡಿಯೊಳಗೆ ಹೋಗುವಾಗ ಕಳ್ಳನ ಹಾಗೆ ಸದ್ದಾಗದಂತೆ ಹೆಜ್ಜೆಯಿಟ್ಟ. ಯಾರಾದರೂ ಕೇಳಿದರೆ ಹೇಳಬೇಕಾದ ಶಾಸ್ತ್ರದ ಮಾತುಗಳನ್ನೆಲ್ಲ ಒಂದೊಂದಾಗಿ ಹೊಂದಿಸಿಟ್ಟುಕೊಂಡಿದ್ದ. ಯಾರೂ ಕೇಳಲಿಲ್ಲ. ನಾಣಯ್ಯನವರು ಮಂಗಳಾರತಿಗೆ ಕೈ ಚಾಚಿ, ಕಣ್ಣಿಗೊತ್ತಿಕೊಂಡು, ಅವನನ್ನು ಮೇಲಿಂದ ಕೆಳಗೆ ನೋಡಿದರು. "ಎಂತ ಭಟ್ರೇ, ಇವತ್ತು ನಡುಗ್ತಾ ಇಲ್ಲ?"

"ಬಿಸಿ ನೀರಲ್ಲಿ ಸ್ನಾನ ಮಾಡಿದೆ," ಎಂದ. ಹೊಂದಿಸಿಟ್ಟ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಅಯ್ಯೋ ದೇವರೇ!" ಎಂದು ನಾಣಯ್ಯನವರು ಹಿಂದೆ ನಿಂತಿದ್ದವರ ಕಡೆ ತಿರುಗಿದರು. "ಮಂತ್ರ ಹೇಳುವಾಗ ಇವರು ನಡುಗುವುದು ಭಕ್ತಿಯಿಂದ ಅಂತ ಇಷ್ಟು ವರ್ಷ ನಾವು ಕೈ ಮುಗಿದದ್ದು! ಚಳಿಯಾ ಅದು?" ಎಲ್ಲರೂ ನಕ್ಕರು. ಅವನ ಕಿವಿ ಬಿಸಿಯಾಯಿತು. ಆದರೆ ಅವಮಾನ ಬಂದು ಕೂರಲು ಜಾಗ ಸಾಲದೆ, ಹಾಗೇ ಹೊರಟುಹೋಯಿತು. ಕೈಯಲ್ಲಿದ್ದ ತೀರ್ಥದ ಬಟ್ಟಲು ಅಲುಗಲಿಲ್ಲ.

ಶನಿವಾರ ಬಸ್ಸಿನಲ್ಲಿ ಕೂತಾಗ ಕತ್ತು ಎರಡು ಕಡೆಗೂ ತಿರುಗುತ್ತಿತ್ತು. ನೋವು ಹೋಗಿರಲಿಲ್ಲ. ಎಡಹೆಗಲ ಹಿಂದೆ, ಸೊಂಟದ ಮೇಲೆ, ಗೊತ್ತಿದ್ದ ಜಾಗಗಳಲ್ಲೆಲ್ಲ ಇತ್ತು, ಆದರೆ ಬಾಗಿಲು ಬಡಿಯುವುದನ್ನು ಬಿಟ್ಟು ಜಗಲಿಯಲ್ಲಿ ಕೂತ ಹಾಗಿತ್ತು. ತೇಜಸ್ವಿನಿ ಅವನು ಒಳಗೆ ಬರುವ ರೀತಿಯಲ್ಲೇ ಅದನ್ನು ಕಂಡುಕೊಂಡಳು. "ಬಿಸಿ ನೀರಾ?" ಎಂದಳು. "ಹೌದು." "ಬೆಳಿಗ್ಗೆನೂ?" "ಬೆಳಿಗ್ಗೆಯೂ." ಅಷ್ಟೇ. ದೀಪ ಹೊತ್ತಿಸಿದಳು, ಆರಿಸಿದಳು. ಗೋಡೆಯೆದುರು ನಿಲ್ಲಿಸಿದಳು. ಮಾತಿನಲ್ಲಿ ಎಂದಿನ ಗೆಲುವಿತ್ತು, ನಾಣಯ್ಯನವರು ಹೇಳಿದ್ದನ್ನು ಕೇಳಿ ಜೋರಾಗಿ ನಕ್ಕಳು ಕೂಡ. ಆದರೆ ಅವನ ಹೆಗಲು ಏರಿದಾಗ ಜೇಬಿನಿಂದ ಪೆನ್ನು ತೆಗೆದು, ಅದರ ಹಿಂತುದಿಯಿಂದ ಬೆನ್ನಿಗೆ ತಾಗಿಯೂ ತಾಗದಂತೆ, "ಇದನ್ನ ಕೆಳಗೆ ಬಿಡಿ," ಎಂದಳು. ಪೆನ್ನಿನ ತುದಿ ಬೆನ್ನಿನ ಮೇಲೆ ಒಂದು ಚುಕ್ಕೆಯಷ್ಟೇ. ಅವಳು ಬೇಸರದಿಂದ ಹಾಗೆ ಮಾಡುತ್ತಿಲ್ಲ, ತನಗೆ ಸಂಕೋಚವಾಗದಿರಲೆಂದು ಮಾಡುತ್ತಿದ್ದಾಳೆ ಎಂದು ತಿಳಿದು ಅವನಿಗೆ ಗೋಡೆಯನ್ನು ನೋಡುವುದೂ ಕಷ್ಟವಾಯಿತು. ಮೂರು ಸಲ ಮಾಡಿದ. ಮೂರು ಸಲವೂ ಹೆಗಲು ಕಿವಿಗೆ ಹೋಯಿತು. ಈಗ ಬೋರಲು ಮಲಗಿರಲಿಲ್ಲ, ಕಣ್ಣಿಗೆ ಪಟ್ಟಿಯಿರಲಿಲ್ಲ. ಕೈ ಇಳಿಸಿ ಅವಳ ಕಡೆ ತಿರುಗಿದ.

"ಕೈಯಿಟ್ಟು ಹೇಳಿ ಮೇಡಂ. ಇದರಲ್ಲಿ ಗೊತ್ತಾಗುವುದಿಲ್ಲ."

ಅವಳು ಪೆನ್ನನ್ನು ನೋಡಿದಳು, ಅವನನ್ನು ನೋಡಿದಳು. "ಆಮೇಲೆ ಮನೆಗೆ ಹೋಗಿ ಸ್ನಾನ?"

ಇಲ್ಲವೆಂದು ಹೇಳಿದರೆ ಎಷ್ಟು ಚೆನ್ನಾಗಿರುತ್ತಿತ್ತು. ಅವಳು ಅದನ್ನು ನಂಬುತ್ತಲೂ ಇದ್ದಳೇನೋ. "ಮಾಡ್ತೇನೆ," ಎಂದ. "ಅದು ಬಿಡ್ಲಿಕ್ಕೆ ನನಗೆ ಆಗುವುದಿಲ್ಲ. ಈಗ ಆಗುವುದಿಲ್ಲ."

ಕೆಳಗೆ ರಸ್ತೆಯಲ್ಲಿ ಯಾವುದೋ ಬಸ್ಸು ಏರಿಗೆ ಗೇರು ಬದಲಿಸಿತು. ತೇಜಸ್ವಿನಿ ಮೂಗಿನಲ್ಲೇ ನಕ್ಕು, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, "ಮಾಡಿ ಮಾಡಿ, ಸೋಪೂ ಹಾಕ್ಕೊಳಿ," ಎಂದಳು. "ಈಗ ತಿರುಗಿ ಆ ಕಡೆ."

ಅವನು ಗೋಡೆಗೆ ತಿರುಗಿ ಮುಂಗೈಗಳನ್ನು ಎತ್ತಿದ. ಅವಳ ಅಂಗೈ ಬೆನ್ನಿನ ಮೇಲೆ, ಹೆಗಲೆಲುಬಿನ ಕೆಳಗೆ ಬಂದು ನಿಂತಿತು. ಅವನು ಏನನ್ನೂ ಮಾಡಬೇಕಾಗಲಿಲ್ಲ. ಕೈ ಎಲ್ಲಿತ್ತೋ ಅಲ್ಲಿಗೆ ಎಲುಬು ತಾನಾಗಿ ಇಳಿದು ಬಂತು.

"ಹಾಂ," ಎಂದಳು. "ಅಲ್ಲೇ."